ಎಣ್ಣೆ ಬಿಡುವ ಮರ

ಕನಕಪುರದ ಹತ್ತಿರ ಹೊಸ ಮನೆಯೊಂದಕ್ಕೆ ವಿದೇಶಿ ಮರದ ನೆಲ ಹಾಕಿದ್ದರು. ನಾನು ಬಳಿದ ಪಾಲಿಶ್ ಒಣಗಲೇ ಇಲ್ಲ, ಕಾಲಿಟ್ಟರೆ ಅಂಟು. "ಈ ಮರ ಎಣ್ಣೆ ಬಿಡುತ್ತೆ ಕಣಮ್ಮ" ಎಂದು ಯಜಮಾನರ ತಾಯಿಗೆ ಹೇಳಿ, ಎಲ್ಲ ಕೆರೆದು, ಥಿನ್ನರ್‌ನಲ್ಲಿ ಒರೆಸಿ ಹೋದೆ. ಬೆಳಿಗ್ಗೆ ಬಂದರೆ ನೆಲವೆಲ್ಲ ಜಿಡ್ಡು. ಮತ್ತೆ ಒರೆಸಿದೆ, ಮಾರನೆಯ ದಿನ ಮತ್ತೆ ಜಿಡ್ಡು! ಥಿನ್ನರ್ ಕಲಬೆರಕೆಯೋ, ನನಗೇ ತಲೆ ಕೆಟ್ಟಿತೋ ತಿಳಿಯದೆ ಕೂತಿದ್ದಾಗ ಆಯಮ್ಮ ಹರಳೆಣ್ಣೆ ಬಟ್ಟಲು ಹಿಡಿದು ಬಂದರು.

"ಇದ್ಯಾಕಮ್ಮ?"

"ಮರ ಎಣ್ಣೆ ಬುಡ್ತೈತೆ ಅಂತ ನೀನೇ ಅಂದ್ಯಲ್ಲಪ್ಪ. ಬುಟ್ಟಷ್ಟೂ ತುಂಬುಸ್ತಾ ಇವ್ನಿ. ಹೊಸ ಎತ್ತಿನ ಗಾಡಿಗೂ ಹಿಂಗೇ ಎಣ್ಣೆ ಕುಡುಸ್ತಿದ್ದೊ."

ಎಣ್ಣೆ ಯಾಕೆ ಕೂಡದೆಂದು ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, ನನ್ನ ಕೆದರಿದ ಕೂದಲನ್ನೇ ನೋಡಿ, "ಒಸಿ ಬಗ್ಗು" ಅಂದರು.

ಬಟ್ಟಲ ಎಣ್ಣೆ ನನ್ನ ನೆತ್ತಿಗೆ ಬಿತ್ತು. ನನ್ನ ಪಾಲಿಶ್‌ಗಿಂತ ಚೆನ್ನಾಗಿಯೇ ಹಿಡಿಯಿತು ಅನ್ನಿ.