ಗೇಟಿನ ಎರಡನೆಯ ಕೀಲಿ

ಆ ಸಂಜೆಯೂ ಗಂಡ ತಲೆತುಂಬ ಹತ್ತಿ ಮೆತ್ತಿಕೊಂಡು ಬಂದ. ನಾನು ಹತ್ತಿ ಆರಿಸುತ್ತ ಕೂತೆ. ರೊಟ್ಟಿ ದಪ್ಪ ಆಯಿತೆಂದು ಬೈಯುತ್ತಲೇ ಅವನು ಮೂರು ತಿಂದ. ಇದ್ದಾಗ ಅವನ ಹೆಸರು ಬಾಯಿಂದ ಆಡಲಿಲ್ಲ. ಈಗ ಯಾರು ಕೇಳುತ್ತಾರೆ, ಬರೆಯುತ್ತೇನೆ: ಮಡೆಪ್ಪ. ಭಾಲ್ಕಿಯ ಹತ್ತಿಗಿರಣಿಯಲ್ಲಿ ಇಪ್ಪತ್ತು ವರ್ಷ ದುಡಿದವನು.

ಮರುದಿನ ಮುಂಜಾನೆ ಗಿರಣಿಯ ಗೇಟಿಗೆ ಸಾವಕಾರ ಕೀಲಿ ಜಡಿದಿದ್ದ. ನಿಜಾಮನ ಕಾಲದಲ್ಲಿ ಶೇರವಾನಿ ತೊಡುತ್ತಿದ್ದ ಈ ಮನುಷ್ಯ, ಪೋಲೀಸ್ ಆಕ್ಷನ್ ಆದ ಮೇಲೆ ಖಾದಿ ಟೊಪ್ಪಿಗೆ ಹಾಕಿದ. ಹೊಟ್ಟೆ ಮಾತ್ರ ಅದೇ. ಕೆಲಸದವರು ಕೇಳಿದ್ದು ಇಷ್ಟೇ: ಧೂಳು ಹೋಗದಂತೆ ಮೂಗುಬಾಯಿಗೆ ಕಟ್ಟಿಕೊಳ್ಳಲು ಒಬ್ಬೊಬ್ಬರಿಗೆ ಒಂದು ಮೊಳ ಅರಿವೆ. ಹತ್ತಿಯ ರಾಶಿಯ ಮೇಲೆ ಕೂತವನಿಗೆ ಅದೂ ಭಾರವಾಯಿತು. ಉದಗೀರದಿಂದ ಬೇರೆ ಮಂದಿ ತರುತ್ತಾನೆಂದು ಸುದ್ದಿ ಹಬ್ಬಿತು.

ಮಡೆಪ್ಪ ಮನೆಗೆ ಬಂದು ನಮ್ಮ ಬಾಗಿಲ ಕೀಲಿಯನ್ನೇ ಕಿತ್ತುಕೊಂಡ.

“ಮನಿಗಿ ಏನ್ ಹಾಕಲಿರಿ?” ಅಂದೆ.

“ನೀ ಬಾಗಲದಾಗ ಕೂಡು. ನಿನ್ನ ದಾಟಿ ಯಾವ ಕಳ್ಳ ಬರ್ತಾನ?”

ಹೋಗಿ ಸಾವಕಾರನ ಕೀಲಿಯ ಪಕ್ಕದಲ್ಲೇ ಅದನ್ನೂ ಜಡಿದ. “ನಿಮ್ಮದು ನೀವ ತೆಗೀರಿ, ನಮ್ಮದು ನಾವ ತೆಗೀತೇವಿ. ಕೂಡೇ ಒಳಗ ಹೋಗೋಣು,” ಅಂದನಂತೆ. ಕೀಲಿಕೈ ಉಡದಾರಕ್ಕೆ ಕಟ್ಟಿಕೊಂಡು ಗೇಟಿಗೆ ಬೆನ್ನು ಕೊಟ್ಟು ಕೂತ. ಎಲ್ಲರೂ ಕೂತರು.

ಮನೆಗಳಲ್ಲಿ ರೊಟ್ಟಿ ಹೋಗಿ ಅಂಬಲಿ ಬಂತು. ನೆರೆಯ ಬಿಸ್ಮಿಲ್ಲಾಬೀ ಮಕ್ಕಳನ್ನು ಬಗದಲದ ತವರಿಗೆ ಕಳಿಸಿದಳು. ಕೀಲಿಯಿಲ್ಲದ ನನ್ನ ಮನೆಗೆ ಕಳ್ಳ ಬರಲಿಲ್ಲ, ಓಣಿಯ ನಾಯಿ ಬಂದು ನೋಡಿ ಬೇಸತ್ತು ಹೋಯಿತು.

ಚಳಿ ಬಿತ್ತು. ಮಡೆಪ್ಪನ ಎದೆಯಲ್ಲಿ ಒಂದು ಗಾದಿಗಾಗುವಷ್ಟು ಹತ್ತಿ ಇತ್ತು, ಚಳಿಗೆ ಉಪಯೋಗ ಬರಲಿಲ್ಲ. ಕೆಮ್ಮಿ ಕೆಮ್ಮಿ ಇಪ್ಪತ್ತೆರಡನೆಯ ದಿನ ಗೇಟಿನ ಮುಂದೆಯೇ ಹೋದ.

ಮಣ್ಣು ಮಾಡುವ ಗಡಿಬಿಡಿಯಲ್ಲಿ ಉಡದಾರ ಹರಿಯುವುದನ್ನು ಎಲ್ಲರೂ ಮರೆತರು. ಕೀಲಿಕೈ ಅವನ ಸಂಗಡ ಕುಣಿಗಿಳಿಯಿತು.

ಮೂರನೆಯ ದಿನ ಸಾವಕಾರ ಬಂದ. “ಸಖುಬಾಯಿ, ಆದದ್ದು ಆತು. ಕೀಲಿಕೈ ಕೊಡವಾ.”

“ಅಂವನ ಉಡದಾರದಾಗ ಅದರಿ. ಹೋಗಿ ಕೇಳ್ರಿ. ನಿಮ್ಮ ಮಾತು ಮೀರಂಗಿಲ್ಲ ಅಂವ.”

ಕೀಲಿ ಒಡೆಯಲು ಸಾವಕಾರ ಕಮ್ಮಾರ ಬಾಬುಮಿಯಾನನ್ನು ಕರೆಸಿದ. “ಸೇಟಜಿ, ಅದು ಮಡೆಪ್ಪಣ್ಣನ ಕೀಲಿ. ಅಂವನ ಮಂದಿ ಒಳಗ ಹೋಗ್ತಾರಂದ್ರ ಒಡೀತೇನಿ. ಇಲ್ಲಂದ್ರ ನನ್ನ ಸುತ್ತಗಿಗಿ ಜ್ವರ ಬಂದಾವ.” ಊರಿನ ಬೇರೆ ಕಮ್ಮಾರರ ಸುತ್ತಿಗೆಗಳಿಗೂ ಜ್ವರ ಹತ್ತಿತು. ಭಾತಂಬ್ರಾ, ಹಲಬರ್ಗಾದ ಹತ್ತಿಬಂಡಿಗಳು ಗೇಟು ನೋಡಿ ಉದಗೀರದ ಕಡೆ ಹೊರಳತೊಡಗಿದವು. ಎಂಟನೆಯ ದಿನ ಸಾವಕಾರ ಒಪ್ಪಿದ. ಬಾಬುಮಿಯಾ ಒಂದೇ ಏಟಿಗೆ ಒಡೆದ. ಎಲ್ಲರೂ ಒಳಗೆ ಹೋದರು, ಅರಿವೆಯೂ ಸಿಕ್ಕಿತು. ಮಡೆಪ್ಪನ ಜಾಗಕ್ಕೆ ನನ್ನನ್ನು ತೆಗೆದುಕೊಂಡರು.

ಬಾಬುಮಿಯಾ ಒಡೆದ ಕೀಲಿ ತಂದುಕೊಟ್ಟ. ಹೊಸದು ಕೊಳ್ಳಲಿಲ್ಲ. ದಿನಾ ಮುಂಜಾನೆ ಅದಕ್ಕೆ ಎಣ್ಣೆ ಹಚ್ಚುತ್ತೇನೆ, ಮನೆಯ ಚಿಲಕಕ್ಕೆ ತೂಗುಹಾಕುತ್ತೇನೆ, ಬಾಯಿಗೆ ಅರಿವೆ ಕಟ್ಟಿಕೊಂಡು ಗಿರಣಿಗೆ ಹೋಗುತ್ತೇನೆ.