ಒಡೆಯದ ಹರಳಿಗೆ ನಾನು ಬರೆದ ವರದಿ

ಹೊಸಪೇಟೆಯ ಆಭರಣದಂಗಡಿಯ ಮಾಲೀಕರೇ, ಒಡೆಯದ ವಜ್ರವನ್ನು ಒಡೆದಿದೆಯೆಂದು ಸಾಣೆಗೆ ಕಳಿಸಲು ಹೊರಟಿರುವವರು ನೀವು. ಹಾಗೆಂದು ವರದಿ ಬರೆದುಕೊಟ್ಟವಳು ನಾನು. ಅದು ಒಡೆದಿಲ್ಲವೆಂದವರು, ಅರವತ್ತು ವರ್ಷ ಹರಳು ಕೂರಿಸಿ ಕೂರಿಸಿ ಎಡಗಣ್ಣು ಸದಾ ಅರ್ಧ ಮುಚ್ಚಿಯೇ ಇರುತ್ತಿದ್ದ ನಮ್ಮ ಓಣಿಯ ಪತ್ತಾರ ಅಜ್ಜಿ.

ಅವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇವತ್ತಿಗೂ ಅದು ಪೂರ್ತಿ ಆರಿಲ್ಲ. ರತ್ನಪರೀಕ್ಷೆಯಲ್ಲಿ ನಾನು ಪಡೆದ ಪದವಿಪತ್ರ ಗೋಡೆಯ ಮೇಲಿತ್ತು. ಜನ ಅವರ ಕಟ್ಟೆಯ ಮೇಲಿದ್ದರು. ಕಂಪ್ಲಿಯಿಂದ, ಕಮಲಾಪುರದಿಂದ ಹಳೆಯ ಬುಗುಡಿ, ಬೆಂಡೋಲೆ ತಂದವರು ನನ್ನಿಂದ ವರದಿ ಪಡೆದು, ಅದು ನಿಜವೋ ಎಂದು ಅವರನ್ನು ಕೇಳಲು ಹೋಗುತ್ತಿದ್ದರು. ಅಜ್ಜಿ ಬಾಗಿಲು ಮುಂದೆ ಮಾಡಿ, ಎಣ್ಣೆಯ ಹಣತೆ ಹಚ್ಚಿ, ಹರಳನ್ನು ಮೆಲ್ಲಗೆ ಓಲಾಡಿಸುತ್ತಿದ್ದರು. ದೀಪದ ಕಾಲದಲ್ಲಿ ಕಡೆದದ್ದನ್ನು ದೀಪದಲ್ಲೇ ನೋಡಬೇಕೆಂಬುದು ಅವರ ಪಟ್ಟು.

ಸಂಡೂರಿನ ಹೆಂಗಸೊಬ್ಬರು ತಾಯಿಯ ಮೂಗುತಿ ತಂದಿದ್ದರು. ಹರಳಿನ ತಳದಲ್ಲಿ ಬಿಳಿಯ ಚುಕ್ಕೆ ಕಂಡು, ಮೊನೆ ಮುರಿದಿದೆ ಎಂದು ಬರೆದೆ. ಅವರು ಅಜ್ಜಿಯ ಬಳಿ ಹೋದರು. ನಾನೂ ಬೆನ್ನಿಗೇ ಹೋದೆ.

"ಕುಂದ್ರವಾ," ಎಂದರು ಅಜ್ಜಿ ನನಗೆ. "ಒಡದಿದ್ರ ಅಂಚು ಹರಕ್ ಇರತಿತ್ತು. ಇದು ದುಂಡಗ ಐತಲ್ಲ, ಯಾರೋ ಪುಣ್ಯಾತ್ಮ ಕುಂತು ಮೊನಿ ತೇದಾನ. ಹಳೇ ಕಟ್ ಹಂಗ. ನಿನ್ನ ಭೂತಗನ್ನಡಿ ಎಲ್ಲಾನೂ ದೊಡ್ಡದು ಮಾಡತದ, ತಪ್ಪನ್ನೂ."

ಆ ಹೆಂಗಸು ನಕ್ಕುಬಿಟ್ಟರು. ಅಜ್ಜಿ ಹೇಳಿದ್ದು ಸರಿಯೆಂದು ನನಗೆ ಆ ಕ್ಷಣವೇ ಹೊಳೆದಿತ್ತು. ಹಳೆಯ ವಜ್ರಗಳ ತಳದ ಮೊನೆಯನ್ನು ಬೇಕೆಂದೇ ಹೀಗೆ ಚಪ್ಪಟೆಯಾಗಿ ತೇಯುತ್ತಿದ್ದರೆಂದು ಪಾಠದಲ್ಲೂ ಓದಿದ್ದೆ. ಆದರೂ ನನ್ನ ಬಾಯಿಂದ ಬಂದದ್ದು: "ಅಜ್ಜಿಗೆ ಈಗ ಕಣ್ಣು ಕಾಣಂಗಿಲ್ರಿ."

ಅಜ್ಜಿ ಸೆರಗಿನಿಂದ ಹರಳು ಒರೆಸಿ ಹಿಂದಿರುಗಿಸಿ, ಹಣತೆ ಆರಿಸಿದರು. ಸಂಡೂರಿನವರು ನನ್ನ ಕಾಗದವನ್ನೇ ನಂಬಿ, ಮೂಗುತಿಯನ್ನು ನಿಮಗೆ ಕೊಟ್ಟು ಹೊಸ ಓಲೆ ಕೊಂಡರು. ಹದಿನೈದು ದಿನಕ್ಕೆ ಅಜ್ಜಿ ತೀರಿಕೊಂಡರು. ಅಷ್ಟರೊಳಗೆ ಒಮ್ಮೆಯೂ ಕ್ಷಮೆ ಕೇಳಲು ನಾನು ಹೋಗಿರಲಿಲ್ಲ.

ಕಳೆದ ವಾರ ನಿಮ್ಮ ಮುಂದೆ ತಪ್ಪೊಪ್ಪಿಕೊಂಡೆ. ಸಹಿಯಾದ ವರದಿ ಕೈಯಲ್ಲಿರುವಾಗ ಸತ್ತವರ ಮಾತೇಕೆ ಎಂದಿರಿ. ಹೊಸ ಕಟ್ ಮಾಡಿಸಿದರೆ ಬೇಗ ಮಾರಾಟವಾಗುತ್ತದೆ ಎಂದೂ ಹೇಳಿದಿರಿ.

ಆದ್ದರಿಂದ ನನ್ನ ವಿನಂತಿ: ಆ ಹರಳನ್ನು ಸಾಣೆಗೆ ಕೊಡಬೇಡಿ. ಸಂಡೂರಿನವರನ್ನು ಕರೆಸಿ, ನಿಜ ತಿಳಿಸಿ, ಮೂಗುತಿ ಹಿಂಪಡೆಯಲು ಅವಕಾಶ ಕೊಡಿ. ಇದರೊಂದಿಗೆ ಹೊಸ ವರದಿ ಲಗತ್ತಿಸಿದ್ದೇನೆ. ಸಹಿ ನನ್ನದು, ಪರೀಕ್ಷಿಸಿದವರ ಜಾಗದಲ್ಲಿ ಅಜ್ಜಿಯ ಹೆಸರಿದೆ. ಅದನ್ನು ಒಪ್ಪುತ್ತೀರೋ ಇಲ್ಲವೋ, ಲಿಖಿತವಾಗಿ ಉತ್ತರಿಸಿ.