ಪರದೆಯ ಪಕ್ಕ ನಿಂತ ಪ್ಯಾಟ್ರಿಕ್ ಸರ್

ಹೊರದೇಶಗಳ ಚಲನಚಿತ್ರಗಳನ್ನು ನಮ್ಮ ಕರಾವಳಿಯ ಊರುಗಳಿಗೆ ತಂದು ತೋರಿಸಿದವರು ಹಲವರಿದ್ದಾರೆ. ಅವನ್ನು ಅಕ್ಷರ ಬಾರದ ಹೆಂಗಸರಿಗೂ ತಲುಪಿಸಿದವರು, ನಾನು ತಿಳಿದಂತೆ, ಪ್ರೊ. ಪ್ಯಾಟ್ರಿಕ್ ಮಥಾಯಸ್ ಅವರೊಬ್ಬರೇ. ಕಾರ್ಕಳದ ಕಾಲೇಜಿನಲ್ಲಿ ದೀರ್ಘಕಾಲ ಇತಿಹಾಸ ಬೋಧಿಸಿ ನಿವೃತ್ತರಾಗುತ್ತಿರುವ ಅವರು ಕಾಪುವಿನ ಮೀನುಗಾರರ ಸಭಾಭವನದಲ್ಲಿ ವರ್ಷಕ್ಕೊಮ್ಮೆ ನಡೆಯುವ ಚಿತ್ರೋತ್ಸವದ ಜೀವ. ಅವರ ಸಂಶೋಧನೆಯ ಕುರಿತು ಈ ಅಭಿನಂದನ ಗ್ರಂಥದಲ್ಲಿ ಬಲ್ಲವರು ಬರೆಯುತ್ತಾರೆ. ನಾನು ಅವರ ಹಳೆಯ ವಿದ್ಯಾರ್ಥಿನಿ. ಅಡುಗೆ, ಬಟ್ಟೆ, ಮಗಳ ಹೋಂವರ್ಕುಗಳ ನಡುವೆ ಸಮಯ ಸಿಕ್ಕಿದಾಗ ಬರೆದ ಮಾತುಗಳು ಇವು.

ನನ್ನ ತಂದೆ ಕಾರ್ಕಳದ ಮಾರುಕಟ್ಟೆಯಲ್ಲಿ ಮೀನು ಮಾರುತ್ತಿದ್ದರು. ಮಂಜುಗಡ್ಡೆಯಲ್ಲಿ ಮಲಗಿದ ಮೀನು ನನಗೆ ಗೊತ್ತಿತ್ತು, ಸಮುದ್ರ ಗೊತ್ತಿರಲಿಲ್ಲ. ಮದುವೆಯಾಗಿ ಕಾಪುವಿಗೆ ಬಂದ ಮೇಲೆ, ಯಜಮಾನರಾದ ವಿಠಲ ಅವರು ಮಲ್ಪೆಯಿಂದ ಬೋಟು ಹತ್ತಿದ ಪ್ರತಿ ಸಲವೂ ನನಗೆ ಹೆದರಿಕೆಯಾಗುತ್ತಿತ್ತು. ಅದನ್ನು ಯಾರಿಗೂ ಹೇಳುವಂತಿರಲಿಲ್ಲ. ಕೇರಿಯ ಎಲ್ಲ ಹೆಂಗಸರ ಗಂಡಂದಿರೂ ಅದೇ ನೀರಿನಲ್ಲಿದ್ದರು.

ಚಿತ್ರೋತ್ಸವದ ಮೊದಲ ವರ್ಷ ಮಣಿಪಾಲದ ವಿದ್ಯಾರ್ಥಿಗಳು ಮುಂದಿನ ಸಾಲುಗಳಲ್ಲಿ ಕುಳಿತರು. ನಮ್ಮ ಹೆಂಗಸರು ಹಿಂದೆ ಕುಳಿತು, ಪರದೆಯ ಕೆಳಗೆ ಓಡುವ ಇಂಗ್ಲಿಷ್ ಸಾಲುಗಳನ್ನು ಓದಲಾಗದೆ, ಅರ್ಧದಲ್ಲೇ ಎದ್ದು ಹೋದರು. ಸರ್ ಅದನ್ನು ಗಮನಿಸಿದ್ದರು. ಮರುವರ್ಷದಿಂದ ಅವರು ಮೈಕು ಹಿಡಿದು ಪರದೆಯ ಪಕ್ಕದಲ್ಲಿ ನಿಂತು, ತಮ್ಮ ಮನೆಮಾತು ಕೊಂಕಣಿಯಾದರೂ, ಇಡೀ ಚಿತ್ರವನ್ನು ತುಳುವಿನಲ್ಲಿ ಹೇಳತೊಡಗಿದರು. ಅಂದಿನ ಮಾತುಗಳನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಮೀನಿನ ಬುಟ್ಟಿ ಹೊತ್ತು ಊರೆಲ್ಲ ತಿರುಗಿದ ನನ್ನ ಅತ್ತೆ ಗುಣವತಿಯವರಿಗೆ ಅಷ್ಟೂ ಸಾಲದು. "ಆ ಹೆಂಗಸು ಅಷ್ಟು ಹೊತ್ತು ಮಾತಾಡಿದಳು, ನೀವು ಎರಡೇ ಮಾತು ಹೇಳಿದ್ದು. ಉಳಿದದ್ದು ಕಿಸೆಯಲ್ಲಿ ಉಂಟಾ ಸರ್?" ಎಂದು ಎಲ್ಲರೆದುರೇ ಕೇಳಿದ್ದರು. ಮುಂದೇನಾಗುತ್ತದೆ ಎಂದು ಕೇಳಿದರೆ ಮಾತ್ರ ಸರ್ ಬಾಯಿ ಬಿಡುತ್ತಿರಲಿಲ್ಲ. "ಕೊನೆ ಹೇಳುವುದಿಲ್ಲಮ್ಮ, ಕುಳಿತು ನೋಡಿ" ಎನ್ನುತ್ತಿದ್ದರು. ಆ ನಿಯಮವನ್ನು ಅವರು ಮುರಿದದ್ದು ಒಂದೇ ಸಲ.

ಆ ವರ್ಷ ಚಿತ್ರೋತ್ಸವದ ಹೊತ್ತಿಗೆ ಚಂಡಮಾರುತ ಎದ್ದಿತು. ಬೋಟುಗಳೆಲ್ಲ ದಡಕ್ಕೆ ಮರಳಬೇಕೆಂದು ಸೂಚನೆ ಬಂದಾಗ ಯಜಮಾನರ ಬೋಟು ದೂರದಲ್ಲಿತ್ತು. ಫೋನು ಸಿಗುತ್ತಿರಲಿಲ್ಲ, ವಯರ್‌ಲೆಸ್ಸಿಗೂ ಉತ್ತರವಿರಲಿಲ್ಲ. ಮನೆಗೆ ಬಂದವರೆಲ್ಲ "ಎಂತ ಆಗುವುದಿಲ್ಲ" ಎಂದೇ ಹೇಳಿ ಹೋಗುತ್ತಿದ್ದರು. ಒಬ್ಬೊಬ್ಬರು ಹೇಳಿದಾಗಲೂ ನನ್ನ ಹೆದರಿಕೆ ಇನ್ನಷ್ಟು ಹೆಚ್ಚುತ್ತಿತ್ತು. ಮಧ್ಯಾಹ್ನ ಅತ್ತೆ, "ಗೋಡೆ ನೋಡಿಕೊಂಡು ಕೂರುವುದು ಬೇಡ, ಸಿನಿಮಾಕ್ಕೆ ನಡಿ" ಎಂದರು. ಆಗಿನ್ನೂ ಅಂಗನವಾಡಿಗೆ ಹೋಗುತ್ತಿದ್ದ ಮಗಳು ನಿಖಿತಾಳನ್ನು ಎತ್ತಿಕೊಂಡು ಹೊರಟೆ.

ಸರ್ ಬಾಗಿಲಲ್ಲೇ ನಮ್ಮನ್ನು ತಡೆದರು. "ಇವತ್ತಿನದ್ದು ಮೀನುಗಾರರ ಕಥೆ. ಬಿರುಗಾಳಿ ಉಂಟು ಅದರಲ್ಲಿ. ಬೇರೆ ಹಾಕುವ."

"ಹಾಕಿ ಸರ್," ಎಂದರು ಅತ್ತೆ. "ಬಿರುಗಾಳಿ ಇಲ್ಲದ್ದು ಈಗ ಎಲ್ಲಿ ಉಂಟು?"

ಅದು ಯಾವುದೋ ಉತ್ತರದ ಚಳಿದೇಶದ ಚಿತ್ರ: ದೋಣಿಯಲ್ಲಿ ಕಡಲಿಗೆ ಹೋದ ಮೀನುಗಾರ, ದಡದಲ್ಲಿ ಮಗನೊಡನೆ ಕಾಯುವ ಅವನ ಹೆಂಡತಿ. ಪರದೆಯ ಮೇಲೆ ಅಲೆಗಳು ಏಳತೊಡಗಿದಾಗ ಸಭಾಭವನದ ತಗಡಿನ ಮಾಡು ನಿಜವಾದ ಗಾಳಿಗೆ ಬಡಿದುಕೊಳ್ಳುತ್ತಿತ್ತು. ಯಾವ ಶಬ್ದ ಒಳಗಿನದು, ಯಾವುದು ಹೊರಗಿನದು ಎಂದು ತಿಳಿಯದೆ ನಾನು ಮಗಳನ್ನು ಎದೆಗೆ ಒತ್ತಿಕೊಂಡೆ. ಅವಳು ಗಟ್ಟಿಯಾಗಿ ಕೇಳಿದಳು: "ಅಮ್ಮ, ಅದು ಅಪ್ಪನ ಬೋಟಾ?"

ಮೈಕಿನಲ್ಲಿ ಸರ್ ಧ್ವನಿ ನಿಂತುಹೋಯಿತು. ಆಗ ಅತ್ತೆ ಎದ್ದು ನಿಂತರು.

"ಕೊನೆಗೆ ಆ ದೋಣಿ ಬರ್ತದಾ ಸರ್? ಇವತ್ತು ಹೇಳಲೇಬೇಕು."

ಬರುತ್ತದೆ ಎಂದುಬಿಡುವುದು ಸುಲಭವಿತ್ತು. ಸರ್ ಮೈಕನ್ನು ಕೆಳಗಿಟ್ಟು ನಮ್ಮ ಸಾಲಿನ ತನಕ ನಡೆದು ಬಂದರು. "ಬರುವುದಿಲ್ಲಮ್ಮ. ನಿಲ್ಲಿಸಲಾ?"

ಅತ್ತೆ ಮತ್ತೆ ಕುಳಿತರು. "ಬೇಡ. ಆ ಹೆಂಗಸು ಎಂತ ಮಾಡ್ತಾಳೆ, ನೋಡುವ."

ಸರ್ ಮರಳಿ ಪರದೆಯ ಬಳಿಗೆ ಹೋಗಲಿಲ್ಲ. ನಮ್ಮ ಪಕ್ಕದ ಕುರ್ಚಿಯಲ್ಲಿ ಕುಳಿತು ಉಳಿದ ಕಥೆಯನ್ನು ಮೆಲ್ಲಗೆ ಹೇಳಿದರು. ಆ ಹೆಂಗಸು ಗಂಡನ ಬೂಟುಗಳನ್ನು ಹೊಸ್ತಿಲಿನಿಂದ ಒಳಗೆ ತಂದಿಟ್ಟಳು. ಒಲೆ ಹಚ್ಚಿದಳು. ಮಗನಿಗೆ ಬಡಿಸಿ, ಎದುರು ಕುಳಿತು ತಾನೂ ಉಂಡಳು. ಅಷ್ಟೇ. ದೀಪ ಹತ್ತಿದಾಗ ಅತ್ತೆ ನನ್ನ ಭುಜ ಹಿಡಿದರು: "ಏಳು. ಮಗುವಿಗೆ ಗಂಜಿ ಹಾಕುವ. ನೀನೂ ಬೆಳಿಗ್ಗೆಯಿಂದ ಎಂತ ತಿನ್ನಲಿಲ್ಲ."

ಮರುದಿನ ಬೆಳಗ್ಗೆಯೇ ಸರ್ ಮಲ್ಪೆಗೆ ಹೋಗಿ ಬೋಟಿನ ಮಾಲಕರ ಬಳಿ ಕುಳಿತಿದ್ದರಂತೆ. ಅವರ ಸ್ಕೂಟರು ನಮ್ಮ ಅಂಗಳಕ್ಕೆ ಬಂದಾಗ ನಾನು ಬಾವಿಕಟ್ಟೆಯಲ್ಲಿದ್ದೆ. ಹೆದರಿಕೆಯಿಂದ ಹಗ್ಗ ಬಿಡಲಾಗಲಿಲ್ಲ.

"ಕಾರವಾರದ ಬಂದರಿನೊಳಗೆ ಹೋಗಿ ನಿಂತಿದ್ದಾರೆ. ವಿಠಲನ ಹತ್ತಿರ ಫೋನಿನಲ್ಲಿ ನಾನೇ ಮಾತಾಡಿದೆ. ಸ್ವಲ್ಪ ಕೆಮ್ಮು ಉಂಟು, ಬೇರೆ ಎಂತ ಇಲ್ಲ" ಎಂದರು.

ನಾನು ಇನ್ನೊಮ್ಮೆ ಕೇಳಲಿಲ್ಲ. ಬೇರೆ ಯಾರು ಹೇಳಿದ್ದರೂ ಯಜಮಾನರ ಧ್ವನಿ ಕೇಳುವ ತನಕ ನಂಬುತ್ತಿರಲಿಲ್ಲ. ಸಿನಿಮಾದ ದೋಣಿ ಬರುವುದಿಲ್ಲ ಎಂಬುದನ್ನು ನನ್ನ ಎದುರು ನಿಂತು ಹೇಳಿದ್ದವರು, ನಮ್ಮ ಬೋಟು ಬಂದರು ಸೇರಿದೆ ಎಂದರೆ ಅದು ನಿಜವೇ ಆಗಿರಬೇಕು. ಅತ್ತೆ ಮಾತ್ರ ಕಣ್ಣೊರೆಸಿಕೊಳ್ಳುತ್ತಾ, "ಈ ಕೊನೆಯನ್ನು ನಿನ್ನೆಯೇ ಹೇಳಬಾರದಿತ್ತಾ ಮಾರಾಯ್ರೆ?" ಎಂದು ಗದರಿದರು.

ಇದನ್ನು ಬರೆಯುವಾಗಲೂ ಗಾಳಿಯ ಸೂಚನೆ ಬಂದಿದೆ. ಯಜಮಾನರು ನೀರಿನ ಮೇಲಿದ್ದಾರೆ. "ಅಪ್ಪ ನಾಳೆ ಬರ್ತಾರಾ?" ಎಂದು ಈಗಷ್ಟೇ ನಿಖಿತಾ ಕೇಳಿದಳು. "ಗೊತ್ತಿಲ್ಲ ಮಗಾ. ನನಗೂ ಹೆದರಿಕೆ ಉಂಟು. ಬಾ, ಊಟ ಮಾಡುವ" ಎಂದೆ. ಹಾಗೆ ಹೇಳುವುದನ್ನು ನಾನು ಕಲಿತದ್ದು ಸರ್ ಅವರಿಂದ.

ಕಾಲೇಜಿನಿಂದ ಅವರು ನಿವೃತ್ತರಾಗಲಿ; ಪರದೆಯ ಪಕ್ಕದ ಜಾಗದಿಂದ ಬೇಡ. ಪತ್ನಿ ಶ್ರೀಮತಿ ಒಲಿಂಡಾ ಅವರೊಡನೆ ಅವರು ಆರೋಗ್ಯವಾಗಿ ಬಹುಕಾಲ ಬಾಳಲಿ. ನಾವು ಕೇಳದಿದ್ದರೆ ಕೊನೆ ಹೇಳದಿರಲಿ. ಕೇಳಿದ ದಿನ, ನಿಜವನ್ನು ಹೇಳಿ ಪಕ್ಕದ ಕುರ್ಚಿಯಲ್ಲಿ ಬಂದು ಕುಳಿತುಕೊಳ್ಳಲಿ.